ಯುರೋಪಿನ ಪರವಾಗಿ ತಿಕೋಟಾಕ್ಕೆ

ನಮ್ಮ ಸರ್ ತೀರಿಕೊಂಡರೆಂದು ಫೋನು ಬಂದಾಗ ನನಗೆ ಮೊದಲು ನೆನಪಾದದ್ದು ಫ್ರಾನ್ಸ್ ದೇಶ. ಇನ್ನು ಮುಂದೆ ಅದರ ಸಿಟ್ಟು ಸೆಡವುಗಳನ್ನು ನೋಡಿಕೊಳ್ಳುವವರು ಯಾರು ಎನ್ನಿಸಿ, ದುಃಖದ ನಡುವೆಯೇ ನಗು ನುಗ್ಗಿ ಬಂತು. ಅಡುಗೆ ಮನೆಯಿಂದ ಬಂದ ನನ್ನ ಹೆಂಡತಿ ಯಾರದೋ ಮನೆಯಲ್ಲಿ ಕೂಸು ಹುಟ್ಟಿದ ಸುದ್ದಿ ಎಂದುಕೊಂಡಳು. ಹೋದವರು ಯಾರೆಂದು ಹೇಳಿದ ಮೇಲೆ ಅವಳೂ ಒಂದು ಗಳಿಗೆ ನಕ್ಕು, ಆಮೇಲೆ ಕಣ್ಣೊರೆಸಿಕೊಂಡಳು.

ಬಬಲೇಶ್ವರದ ಕಾಲೇಜಿನಲ್ಲಿ ಅವರು ರಾಜ್ಯಶಾಸ್ತ್ರ ಹೇಳುತ್ತಿದ್ದರು, ನಾನು ಇಂಗ್ಲಿಷು. ಇಬ್ಬರದೂ ವಿಜಯಪುರದಲ್ಲಿ ಮನೆ, ದಿನವೂ ಒಂದೇ ಬಸ್ಸು, ಸಾಧ್ಯವಾದರೆ ಒಂದೇ ಸೀಟು. ಗಾಂಧಿ ಚೌಕದ ನಮ್ಮ ಬಳೆ ಅಂಗಡಿಯನ್ನು ಅಣ್ಣಂದಿರಿಗೆ ಬಿಟ್ಟು ನೌಕರಿ ಹಿಡಿದವನು ನಾನು. ವಯಸ್ಸಿನಲ್ಲಿ ಬಹಳ ಹಿರಿಯರಾದರೂ ಅವರು ನನ್ನನ್ನು "ಸಾಹೇಬ್ರ" ಎಂದೇ ಕರೆಯುತ್ತಿದ್ದರು. ನಾನು ಅವರನ್ನು ಸರ್ ಎನ್ನುತ್ತಿದ್ದೆ. ಇಲ್ಲಿಯೂ ಹಾಗೆಯೇ ಇರಲಿ.

ಸಂತಾಪ ಸಭೆಯಲ್ಲಿ ಒಬ್ಬರು ಅವರನ್ನು ಅಂತಾರಾಷ್ಟ್ರೀಯ ವಿಷಯಗಳ ತಜ್ಞ ಎಂದರು. ಸುಳ್ಳು. ಜಗತ್ತಿನ ಬಗ್ಗೆ ಅವರು ಹೇಳಿದ ಭವಿಷ್ಯ ಒಂದಾದರೂ ನಿಜವಾದದ್ದನ್ನು ನಾನು ಕಂಡಿಲ್ಲ. ಅವರಿಗೆ ಅಮೇರಿಕಾದಲ್ಲಿ ಆಸಕ್ತಿ ಇರಲಿಲ್ಲ, ಯುರೋಪಿನಲ್ಲಿಯೂ ಇರಲಿಲ್ಲ. ಅಮೇರಿಕಾದ ಅಧ್ಯಕ್ಷರ ಬಗ್ಗೆ ಯುರೋಪಿನ ಜನ ಏನೆಂದುಕೊಂಡಿದ್ದಾರೆ ಎಂಬ ಒಂದೇ ಒಂದು ಸಂಗತಿಯಲ್ಲಿ ಅವರ ಜೀವ ಸಿಕ್ಕಿಹಾಕಿಕೊಂಡಿತ್ತು. ಅಧ್ಯಕ್ಷರು ಯುದ್ಧಕ್ಕೆ ಹೊರಟರೆ ನಾವು ಯುದ್ಧದ ಸುದ್ದಿ ಓದುತ್ತಿದ್ದೆವು. ಅವರು ಆ ಸುದ್ದಿಯನ್ನು ದಾಟಿ, ಅದನ್ನು ಕೇಳಿ ಜರ್ಮನಿಯ ಯಾವುದೋ ಊರಿನ ಬೇಕರಿಯವನು ಏನೆಂದ ಎಂದು ಹುಡುಕುತ್ತಿದ್ದರು.

ಇದರಲ್ಲಿ ಅವರದು ಕಟ್ಟುನಿಟ್ಟಿನ ನಡವಳಿಕೆ. ಬೆಳಗಿನ ಬಸ್ಸಿನಲ್ಲಿ ಯುರೋಪಿನ ಮಾತೆತ್ತಿದರೆ ಬಾಯಿಯ ಮೇಲೆ ಬೆರಳಿಡುತ್ತಿದ್ದರು.

"ಇನ್ನಾ ಮಲಗ್ಯಾರ್ರಿ. ಮಲಗಿದವರ ಬಗ್ಗೆ ಮಾತಾಡೂದು ಛಲೋ ಅಲ್ಲ."

ಮಧ್ಯಾಹ್ನದ ಊಟಕ್ಕೆ ಕುಳಿತು ಬುತ್ತಿಯ ರೊಟ್ಟಿ ಮುರಿಯುವಾಗ ಕಿಟಕಿಯತ್ತ ನೋಡಿ, "ಎದ್ರು" ಎನ್ನುತ್ತಿದ್ದರು. ಅಲ್ಲಿಂದ ಸಂಜೆಯ ಬಸ್ಸಿನವರೆಗೆ ನನಗೆ ಬಿಡುಗಡೆ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಉಳಿದವರೆಲ್ಲ ಅಷ್ಟರಲ್ಲಿ ಎದ್ದು ಕೈತೊಳೆಯಲು ಹೋಗಿರುತ್ತಿದ್ದರು. ನನಗೆ ಮಾತ್ರ ಆ ಜಾಣತನ ಕಡೆಯವರೆಗೂ ಬರಲಿಲ್ಲ.

ಯಾಕೆ ಇದು ಎಂದು ಒಮ್ಮೆ ಕೇಳಿದ್ದೆ. "ನೋಡ್ರಿ ಸಾಹೇಬ್ರ," ಎಂದರು, "ಆ ಅಧ್ಯಕ್ಷ ಏನು ಮಾಡ್ತಾನ, ಅದರ ಬಿಸಿ ಇವರಿಗೆ ತಟ್ಟತೈತಿ. ಆದ್ರ ಅವನನ್ನ ಆರಿಸಾಕ ಇವರಿಗೆ ಓಟಿಲ್ಲ. ಓಟು ಇದ್ದವನ ಮಾತನ್ನ ಎಲ್ಲಾರೂ ಕೇಳ್ತಾರ. ಓಟು ಇಲ್ಲದಾತ ಒಳಗೊಳಗ ಏನಂತಾನ, ಅದನ್ನ ಕೇಳಾಕ ಒಬ್ಬರಾದ್ರೂ ಬೇಕೋ ಬ್ಯಾಡೋ?" ಆ ಒಬ್ಬರು ಬಬಲೇಶ್ವರದ ಮಾಸ್ತರರೇ ಏಕಾಗಬೇಕು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅವರ ಮನೆಯಲ್ಲಿ ಅವರಿಗೂ ಓಟಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಗೋಡೆಯ ಬಣ್ಣದಿಂದ ಹಿಡಿದು ಹಬ್ಬದ ಹೋಳಿಗೆಯ ಹೂರಣದವರೆಗೆ ಎಲ್ಲವನ್ನೂ ಅವರ ಹೆಂಡತಿ ತೀರ್ಮಾನಿಸುತ್ತಿದ್ದರು. "ಮನ್ಯಾಗ ಗ್ಯಾಸ್ ಮುಗದ ಎರಡು ದಿನ ಆತು, ಇವರು ಪೋಲಂಡಿನ ಚಿಂತಿ ಮಾಡಾಕತ್ತಾರ" ಎಂದು ಆಕೆ ನನ್ನೆದುರಿಗೆ ದೂರಿದ್ದುಂಟು. ಸರ್ ಆಗಲೂ ಸಿಟ್ಟಾಗಲಿಲ್ಲ. ಪೋಲಂಡಿನವರು ಅಮೇರಿಕಾವನ್ನು ಏಕೆ ಅಷ್ಟು ಹಚ್ಚಿಕೊಂಡಿದ್ದಾರೆಂದು ಆಕೆಗೇ ವಿವರಿಸಲು ಹೊರಟರು. "ಮಗ್ಗಲ ಹೊಲದಾವ ದಿನಾ ಒಡ್ಡು ಒತ್ತಾಕತ್ತಿದ್ರ, ಬೀಗರು ಎಂಥವರಿದ್ರೂ ಛಲೋನ ಕಾಣ್ತಾರ." ಆಕೆ ಖಾಲಿ ಸಿಲಿಂಡರನ್ನು ಅವರ ಕಾಲ ಬಳಿ ತಂದಿಟ್ಟು ಒಳಗೆ ಹೋದರು.

ಬೀಗರು ಎಂಬ ಮಾತು ಅವರ ಸಿದ್ಧಾಂತದೊಳಗೆ ಬಂದದ್ದು ಮಗಳ ಮದುವೆಯ ನಂತರ. ಅದಕ್ಕೂ ಮೊದಲು ಪಾಠ ಹೇಳುವಾಗ ಅಮೇರಿಕಾವನ್ನು ಹೆಡ್‌ಮಾಸ್ತರನಿಗೂ ಯುರೋಪನ್ನು ಸಹಶಿಕ್ಷಕರಿಗೂ ಹೋಲಿಸುತ್ತಿದ್ದರು. ಒಬ್ಬಳೇ ಮಗಳು. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವಳು, ಮಾತು ಕಡಿಮೆ, ನೋಟ ನೇರ. ಅವಳನ್ನು ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವವರ ಒಂದು ಮನೆಗೆ ಕೊಟ್ಟರು. ವರ್ಷ ತುಂಬುವುದರೊಳಗೆ ಹೆಡ್‌ಮಾಸ್ತರ ಹೋಗಿ ಬೀಗರು ಬಂದರು. ಯುರೋಪು ಹೆಣ್ಣು ಕೊಟ್ಟ ಕಡೆಯದು, ಅಮೇರಿಕಾ ಗಂಡಿನ ಕಡೆಯದು. ಎರಡೂ ಕಡೆಯ ಸೈನ್ಯದ ಒಕ್ಕೂಟ ಎಂದರೆ ಮದುವೆ. ಯುರೋಪಿನವರು ರಕ್ಷಣೆಗೆ ಇನ್ನಷ್ಟು ಖರ್ಚು ಮಾಡಬೇಕು ಎಂದು ಅಧ್ಯಕ್ಷರು ಗದರಿದ ದಿನ ಸರ್ ಬಸ್ಸಿನಲ್ಲಿ ತಲೆಯಾಡಿಸಿದರು.

"ಮದುವ್ಯಾಗಿಂದೂ ಇದ ಗ್ವಾಳ ಐತ್ರಿ. ಊಟದ ಖರ್ಚು ಯಾರು ಹಾಕಬೇಕು ಅನ್ನೂದು."

ಡೆನ್ಮಾರ್ಕಿನ ಕೈಯಲ್ಲಿರುವ, ಹಿಮ ಮುಚ್ಚಿದ ಆ ದೊಡ್ಡ ದ್ವೀಪ ತಮಗೆ ಬೇಕೆಂದು ಅಧ್ಯಕ್ಷರು ಕೇಳಿದ ಸುದ್ದಿ ಬಂದಾಗಲಂತೂ ಅವರು ಬಸ್ಸಿನಲ್ಲೇ ಎದ್ದು ನಿಂತರು. "ಹೆಣ್ಣು ಕೊಟ್ಟೀವಿ, ಉಪಚಾರ ಮಾಡೀವಿ, ಈಗ ಹಿತ್ತಲಾನೂ ಕೇಳ್ತಾನಲ್ರಿ! ಡೆನ್ಮಾರ್ಕ್ ಏನು ತಪ್ಪು ಮಾಡೈತಿ?"

"ಯಾರ್ರಿ ಅವರು?" ಎಂದು ಕಂಡಕ್ಟರು ಕೇಳಿದ.

"ನಮ್ಮಂಥಾ ಸಣ್ಣ ಮಂದಿನಪಾ" ಎಂದು ಸರ್ ಮತ್ತೆ ಕುಳಿತರು. ಕಂಡಕ್ಟರು ಮರುಕದಿಂದ ತಲೆಯಾಡಿಸಿದ. ಡೆನ್ಮಾರ್ಕಿನವರದು ಇಲ್ಲೇ ಸಿಂದಗಿಯ ಕಡೆಯ ಹೊಲಮನೆ ಜಗಳ ಎಂದು ಅವನು ತಿಳಿದಿರಬೇಕು.

ಈಗ ಟವೆಲ್ಲಿನ ವಿಷಯ. ಸರ್ ಅವರ ತಂದೆ ಎತ್ತಿನ ದಲಾಲಿ ಮಾಡುತ್ತಿದ್ದರು. ಎತ್ತಿನ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೊಡುವವನು, ಕೊಳ್ಳುವವನು ಟವೆಲ್ಲಿನ ಕೆಳಗೆ ಕೈ ಹಾಕಿ, ಒಬ್ಬರ ಬೆರಳನ್ನು ಒಬ್ಬರು ಹಿಡಿದು ತಿಳಿಸುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ, ಮುಖ ನೋಡಿದರೂ ಗೊತ್ತಾಗುವುದಿಲ್ಲ. ಯುರೋಪಿನ ನಿಜವಾದ ಅಭಿಪ್ರಾಯ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ ಎಂದು ಅವರು ತೀರ್ಮಾನಿಸಿದರು. ಬೀಗರ ಬಗ್ಗೆ ಯಾರೂ ಬಾಯಿಬಿಟ್ಟು ಖರೆ ಹೇಳುವುದಿಲ್ಲ, ಬೆರಳು ಹೇಳುತ್ತದೆ ಎಂಬುದು ಅವರ ವಾದ. ಚಳಿಗಾಲದ ಒಂದು ಭಾನುವಾರ ದೊಡ್ಡ ಟವೆಲ್ಲೊಂದನ್ನು ಹೆಗಲಿಗೆ ಹಾಕಿಕೊಂಡು, ನನ್ನನ್ನು ದುಭಾಷಿಯಾಗಿ ಎಳೆದುಕೊಂಡು ಗೋಳಗುಮ್ಮಟದ ಹುಲ್ಲುಹಾಸಿಗೆ ಬಂದರು.

ಒಂದು ಬೆರಳು ಹಿಡಿದರೆ ಅಧ್ಯಕ್ಷರು ಸ್ವಲ್ಪವೂ ಸೇರುವುದಿಲ್ಲ ಎಂದರ್ಥ, ಐದೂ ಹಿಡಿದರೆ ಬಹಳ ಒಳ್ಳೆಯವರು. ಇದನ್ನು ಪರದೇಶದ ಪ್ರವಾಸಿಗಳಿಗೆ ಇಂಗ್ಲಿಷಿನಲ್ಲಿ ವಿವರಿಸುವ ಹೊಣೆ ನನ್ನದು. ಜೀವನದಲ್ಲಿ ಅಷ್ಟು ಕಷ್ಟದ ಪಾಠವನ್ನು ನಾನು ಇನ್ನೊಮ್ಮೆ ಮಾಡಿಲ್ಲ. ಮೊದಲು ಸಿಕ್ಕ ಡಚ್ ಗಂಡ ಹೆಂಡತಿ ಟವೆಲ್ ನೋಡಿದ ಕೂಡಲೇ ತಮ್ಮ ಪಾಕೀಟನ್ನು ಭದ್ರ ಮಾಡಿಕೊಂಡು, ನಗುತ್ತ ಹಿಂದೆ ಹಿಂದೆ ಸರಿದರು. ಜರ್ಮನಿಯ ವಯಸ್ಸಾದ ಹೆಣ್ಣುಮಗಳೊಬ್ಬಳು ಮಾತ್ರ ಒಳಗೆ ಕೈಹಾಕಿ, ಕಣ್ಣುಮುಚ್ಚಿ, ತೆಗೆಯಲೊಲ್ಲಳು. ಬಹಳ ಹೊತ್ತಾದ ಮೇಲೆ ಮುಂಗೈ ನೋವು ಕಡಿಮೆಯಾಗಿದೆ ಎಂದು ಹೇಳಿ ಸರ್ ಅವರಿಗೆ ತಲೆಬಾಗಿ ನಮಸ್ಕರಿಸಿದಳು. ಫ್ರಾನ್ಸಿನ ಯುವತಿಯೊಬ್ಬಳು ಟವೆಲ್ಲನ್ನು ಪಕ್ಕಕ್ಕೆ ಸರಿಸಿ, ಅಧ್ಯಕ್ಷರ ಬಗ್ಗೆ, ಅವರ ಸುಂಕಗಳ ಬಗ್ಗೆ, ಯುದ್ಧಗಳ ಬಗ್ಗೆ ಕೈ ಬೀಸಿ ಬೀಸಿ ಮಾತಾಡಿದಳು. ನಾನು ಬೆವರುತ್ತ ಅನುವಾದ ಮಾಡಿದೆ. ಇಡೀ ದಿನದಲ್ಲಿ ಪ್ರಶ್ನೆಗೆ ಉತ್ತರ ಕೊಟ್ಟವಳು ಅವಳೊಬ್ಬಳೇ. ಸರ್ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

"ಬಾಯಿಲೆ ಹೇಳ್ಯಾಳ್ರಿ. ನಡಿಯೂದಿಲ್ಲ."

ಸಂಜೆಯ ಹೊತ್ತಿಗೆ ಟವೆಲ್ಲಿನೊಳಗೆ ಕೈಹಾಕಿದ ಯುರೋಪಿನವರೆಲ್ಲ ಐದೂ ಬೆರಳು ಹಿಡಿದಿದ್ದರು. ಅವರೆಲ್ಲ ಸುಮ್ಮನೆ ಕೈಕುಲುಕಿದ್ದಾರೆ ಸರ್ ಎಂದು ನಾನು ಹೇಳಿದೆ. ಅವರು ಶೇಂಗಾ ಸುಲಿಯುತ್ತ ವಿಚಾರ ಮಾಡಿದರು. ಕಡೆಗೆ ನಿಟ್ಟುಸಿರುಬಿಟ್ಟು, "ನೋಡ್ರಿ, ಟವೆಲ್ ಒಳಗೂ ಅವರು ಬೀಗರ ಉಪಚಾರ ಬಿಡೂದಿಲ್ಲ. ಎಷ್ಟು ಅಂಜಿರಬೇಕು" ಎಂದರು. ಅವರನ್ನು ಸೋಲಿಸುವ ಸಾಕ್ಷಿ ಈ ಭೂಮಿಯ ಮೇಲೆ ಇರಲಿಲ್ಲ.

ತಿಕೋಟಾದ ಬೀಗರು, ಎಂದರೆ ಮಗಳ ಮಾವ, ಕೆಟ್ಟವರಲ್ಲ, ಅದನ್ನೂ ಹೇಳಿಬಿಡುತ್ತೇನೆ. ದೊಡ್ಡ ಆಳು, ದೊಡ್ಡ ದನಿ, ದೊಡ್ಡ ಮೀಸೆ. ದ್ರಾಕ್ಷಿ ಪಡಗಳು, ದ್ರಾಕ್ಷಿಯನ್ನು ಒಣಗಿಸಿ ಮಣೂಕ ಮಾಡುವ ಶೆಡ್ಡು, ಮನೆ ತುಂಬ ಜನ. ಬಂದವರು ಉಣ್ಣದೆ ಹೋದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಆದರೆ ಯಾವ ವಿಷಯವನ್ನೂ ಅವರು ಕೇಳುತ್ತಿರಲಿಲ್ಲ, ತಿಳಿಸುತ್ತಿದ್ದರು. ವಿಜಯಪುರಕ್ಕೆ ಬಂದರೆ ಸರ್ ಅವರ ಕುರ್ಚಿಯಲ್ಲಿ ಅವರು ಕೂರುತ್ತಿದ್ದರು. ಸರ್ ಸ್ಟೂಲು ಎಳೆದುಕೊಂಡು, ಸ್ಟೂಲೇ ತಮಗೆ ಇಷ್ಟ ಎಂಬಂತೆ ನಗುತ್ತಿದ್ದರು.

ಹೀಗಿರುವಾಗ ಮಗಳಿಗೆ ವಿಜಯಪುರದ ಸೊಲ್ಲಾಪುರ ರಸ್ತೆಯ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಹೊರದೇಶಕ್ಕೆ ಕಳಿಸುವ ದ್ರಾಕ್ಷಿಯಲ್ಲಿ ಔಷಧದ ಅಂಶ ಎಷ್ಟು ಉಳಿದಿದೆ ಎಂದು ಪರೀಕ್ಷಿಸುವ ಕೆಲಸ. ಗಂಡ ಹೂಂ ಅಂದಿದ್ದ, ಅಪ್ಪನೆದುರು ಅದನ್ನು ಹೇಳುವ ಗಂಡಸುತನ ಅವನಿಗಿರಲಿಲ್ಲ. ಮಾವ ಒಂದೇ ಮಾತು ಹೇಳಿದ್ದರು. "ನಮ್ಮ ಪಡದಾಗ ದ್ರಾಕ್ಷಿ ಇಲ್ಲೇನು? ಮಂದಿ ದ್ರಾಕ್ಷಿ ಯಾಕ ನೋಡಬೇಕು?" ಸೋಮವಾರ ಹಾಜರಾಗದಿದ್ದರೆ ಕೆಲಸ ಮುಂದಿನವರಿಗೆ ಹೋಗುತ್ತಿತ್ತು. ಮಗಳು ಅಪ್ಪನಿಗೆ ಫೋನು ಮಾಡಿ, ನೀನು ಬಂದು ಒಂದು ಮಾತು ಹೇಳು ಎಂದು ಕೇಳಿದಳು. ಮದುವೆಯಾದ ಮೇಲೆ ಅವಳು ಅಪ್ಪನನ್ನು ಕೇಳಿದ್ದು ಅದೊಂದೇ.

ಹೆಣ್ಣಿನ ಕಡೆಯವರು ಒಬ್ಬರೇ ಹೋಗಿ ಇಂಥ ಮಾತೆತ್ತುವುದು ನಮ್ಮ ಕಡೆ ನಡೆಯುವುದಿಲ್ಲ, ಜೊತೆಗೊಬ್ಬ ಬೇಕು. ಭಾನುವಾರ ಬೆಳಿಗ್ಗೆ ಸರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ತಿಕೋಟಾದ ಬಸ್ಸಿನಲ್ಲಿ ದಾರಿಯುದ್ದಕ್ಕೂ ತುಟಿ ಅಲುಗಿಸುತ್ತ ಮಾತನ್ನು ರೂಢಿ ಮಾಡಿಕೊಂಡರು.

"ಸಾಹೇಬ್ರ, ಇವತ್ತ ಹೇಳೇಬಿಡ್ತೇನ್ರಿ. ಎದಿಗೆ ಎದಿ ಕೊಟ್ಟು ಹೇಳ್ತೇನಿ."

"ಹೇಳ್ರಿ ಸರ್. ನಾ ಅದೇನಿ."

ಬೀಗರು ನಮ್ಮನ್ನು ಕಟ್ಟೆಯ ಮೇಲೆ ಜಮಖಾನ ಹಾಸಿ ಕೂರಿಸಿದರು. ಚುರುಮುರಿಯ ಸೂಸಲ, ಮಿರ್ಚಿ ಬಂತು, ಚಹಾ ಬಂತು, ತಟ್ಟೆಯ ತುಂಬ ಮಣೂಕ ಬಂತು. ಮಗಳು ಬಾಗಿಲ ಮರೆಯಲ್ಲಿ ನಿಂತಿರುವುದು ನನಗೆ ಕಾಣಿಸುತ್ತಿತ್ತು. ಬೀಗರು ಮೀಸೆಯ ಮೇಲೆ ಕೈಯಾಡಿಸಿ, "ಮತ್ತ ಏನ್ರಿ ಮಾಸ್ತರ, ಏನು ಸುದ್ದಿ?" ಎಂದರು. ಇದಕ್ಕಿಂತ ಅಗಲವಾದ ಬಾಗಿಲು ಯಾರಿಗೂ ಸಿಗುವುದಿಲ್ಲ. ಸರ್ ಗಂಟಲು ಸರಿಮಾಡಿಕೊಂಡರು, ನನ್ನ ಕಡೆ ಒಮ್ಮೆ ನೋಡಿದರು.

"ಯುರೋಪಿನ್ಯಾಗ ಪರಿಸ್ಥಿತಿ ಛಲೋ ಇಲ್ಲ್ರಿ."

ನನಗೆ ಮಿರ್ಚಿ ನೆತ್ತಿಗೇರಿತು. ನಾನು ಕೆಮ್ಮುತ್ತಿದ್ದಂತೆಯೇ ಸರ್ ಹೇಳುತ್ತ ಹೋದರು. ಹಿಂದೊಬ್ಬ ಅಧ್ಯಕ್ಷ ಯಾರ ಮಾತೂ ಕೇಳದೆ ಯುದ್ಧಕ್ಕೆ ಹೋದದ್ದು, ಯುರೋಪಿನ ಜನ ಬೀದಿಗೆ ಬಂದು ಕೂಗಿದ್ದು. ಆಮೇಲೆ ಇನ್ನೊಬ್ಬರು ಬಂದಾಗ ಮನೆಗೆ ಒಳ್ಳೆಯ ಅಳಿಯ ಬಂದನೆಂದು ಜರ್ಮನಿಯವರು ಮುಗಿಬಿದ್ದು ಭಾಷಣ ಕೇಳಿದ್ದು. ಈಗ ಮತ್ತೆ ಸುಂಕ, ಗದರಿಕೆ, ದ್ವೀಪದ ಆಸೆ. ಅವರಿಗೂ ಒಂದು ಬುದ್ಧಿಯಿದೆ, ಕಲಿತಿದ್ದಾರೆ, ಕೈಯಲ್ಲಿ ಕೆಲಸವಿದೆ, ತಮ್ಮ ಕಾಲ ಮೇಲೆ ತಾವು ನಿಲ್ಲಬೇಕೆಂಬ ಆಸೆಯಿದೆ, ಆದರೆ ದೊಡ್ಡವರ ಎದುರು ಹೇಳಲಾರರು ಎಂದು ಹೇಳುವಾಗ ಸರ್ ದನಿ ಸ್ವಲ್ಪ ನಡುಗಿತು. ಬೀಗರ ತಮ್ಮ ಬಂದು ಕುಳಿತ. ಪಕ್ಕದ ಮನೆಯವರು ಬಂದರು. ಯುರೋಪಿನ ಮೇಲೆ ತಿಕೋಟಾದಲ್ಲಿ ಅಷ್ಟು ದೊಡ್ಡ ಸಭೆ ಅದಕ್ಕೂ ಮೊದಲು ಸೇರಿರಲಿಕ್ಕಿಲ್ಲ.

ಬೀಗರು ನಿಜವಾಗಿಯೂ ಕೆರಳಿದರು. ತೊಡೆ ತಟ್ಟಿ, "ಅಲ್ರಿ ಮಾಸ್ತರ, ಅವರಿಗೆ ಬಾಯಿಲ್ಲೇನು? ಅವ ದೊಡ್ಡಾವ ಇದ್ರ ಇರವಲ್ಲ್ಯಾಕ! ನಿನ್ನ ಉಪಕಾರ ದೊಡ್ಡದು, ಆದ್ರ ನಮ್ಮ ದಾರಿ ನಾವು ನೋಡಕೋತೀವಿ ಅಂತ ಹೇಳಬೇಕು" ಎಂದರು.

"ಹಂಗಂದ್ರ ಅವ ಸಿಟ್ಟಿಗೇಳ್ತಾನಲ್ರಿ?" ಎಂದು ಸರ್ ಮೆಲ್ಲಗೆ ಕೇಳಿದರು.

"ಏಳ್ಲಿ. ಎರಡು ದಿನ ಎದ್ದಾನ, ಮೂರನೇ ದಿನ ಕುಂದ್ರತಾನ. ಸಿಟ್ಟಿಗೆದ್ದಾವ ಎಲ್ಲಿ ಹೋಗ್ತಾನ್ರಿ?"

ನಾನು ಸರ್ ತೊಡೆಯನ್ನು ಮೊಣಕೈಯಿಂದ ತಿವಿದೆ. ಯುರೋಪಿನಿಂದ ತಿಕೋಟಾಕ್ಕೆ ಇನ್ನು ಒಂದೇ ಹೆಜ್ಜೆ. ಅವರು ಬಾಯಿ ತೆರೆದರು, ಮುಚ್ಚಿದರು, ಒಂದು ಮಣೂಕ ತೆಗೆದು ಬಾಯಿಗೆ ಹಾಕಿಕೊಂಡರು. ಆಮೇಲೆ ಇಟಲಿಯ ಬಗ್ಗೆ ಶುರುಮಾಡಿದರು. ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆಗ ಬಾಗಿಲ ಮರೆಯಿಂದ ಮಗಳು ಹೊರಗೆ ಬಂದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನೇರ ಮಾವನ ಮುಂದೆ ನಿಂತಳು.

"ಮಾವಾರ, ನೀವೀಗ ಹೇಳಿದ್ದು ಖರೆ ಏನ್ರಿ?"

"ಯಾವುದಬೇ?"

"ನಮ್ಮ ದಾರಿ ನಾವು ನೋಡಕೋತೀವಿ ಅಂತ ಹೇಳಬೇಕು ಅಂದ್ರಲ್ಲ."

"ಹೌದು. ಖರೇನ ಹೇಳೀನಿ."

"ಹಂಗಾದ್ರ ನಾಳಿ ಮುಂಜಾನಿ ಬಸ್ಸಿಗೆ ನಾ ಲ್ಯಾಬಿಗೆ ಹೊಂಟೇನ್ರಿ. ಸಂಜೀಕ ಹೊಳ್ಳಿ ಬರ್ತೇನಿ."

ಒಳಗೆ ಯಾರದೋ ಕೈಯಿಂದ ಪಾತ್ರೆ ಜಾರಿತು. ಬೀಗರು ಸೊಸೆಯನ್ನು ನೋಡಲಿಲ್ಲ, ನಮ್ಮ ಸರ್ ಅವರನ್ನು ನೋಡಿದರು. ಅವರನ್ನೇ ಕೇಳಿದರು.

"ಮಾಸ್ತರ, ನೀವು ಇಷ್ಟೊತ್ತು ಹೇಳಿದ್ದು ಅಮೇರಿಕಾದ್ದೋ, ನಮ್ಮ ಮನೀದೋ?"

ಜೀವಮಾನವಿಡೀ ಒಬ್ಬ ಮನುಷ್ಯ ಕಾಯುತ್ತಿದ್ದ ಪ್ರಶ್ನೆ ಅದು. ನಿಮ್ಮ ಮನೆಯದೇ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಸರ್ ಮಗಳ ಮುಖ ನೋಡಿದರು. ಅವಳೂ ಅವರನ್ನೇ ನೋಡುತ್ತಿದ್ದಳು. ಸರ್ ತಲೆ ತಗ್ಗಿಸಿ ಹೇಳಿದರು.

"ಅಮೇರಿಕಾದ್ದ ರೀ."

ಬೀಗರು ದೊಡ್ಡದಾಗಿ ಉಸಿರುಬಿಟ್ಟರು. "ಹಂಗಾದ್ರ ಆತು. ನನಗ ಅಂದ್ರೇನೋ ಅಂತ ತಿಳಕೊಂಡಿದ್ದೆ" ಎಂದರು. ಆಮೇಲೆ ಒಳಗಿನವರಿಗೆ ಕೇಳುವಂತೆ ಕೂಗಿದರು. "ನಾಳಿ ಆಕಿ ಬುತ್ತಿ ಲಗೂನ ಕಟ್ರಿ. ಬಸ್ಸು ತಪ್ಪೀತು." ಮಗಳು ಒಳಗೆ ಹೋದಳು. ಅಪ್ಪನ ಕಡೆ ಮತ್ತೆ ನೋಡಲಿಲ್ಲ.

ಮರಳುವ ಬಸ್ಸಿನಲ್ಲಿ ಸರ್ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು. ಸಂಜೆಯಾಗಿತ್ತು, ಯುರೋಪಿನಲ್ಲಿ ಎಲ್ಲರೂ ಎದ್ದಿದ್ದರು. ಅವರು ಅದರ ಸುದ್ದಿ ತೆಗೆಯಲಿಲ್ಲ. ನಾನೇ ಸಮಾಧಾನಕ್ಕೆ, "ಕೆಲಸ ಆತಲ್ರಿ ಸರ್" ಎಂದೆ.

"ಆಕಿ ಕೆಲಸ ಆತು. ನನ್ನ ಕೆಲಸ ನಾ ಮಾಡಲಿಲ್ಲ್ರಿ" ಎಂದರು. ನನ್ನ ಕಡೆ ತಿರುಗಿ, "ನನ್ನ ಮುಖ ನೋಡಾಕತ್ತಿದ್ಲು, ನೋಡಿದ್ರೇನು?" ಎಂದು ಕೇಳಿದರು. ನಾನು ನೋಡಿಲ್ಲ ಎಂದೆ. ನೋಡಿದ್ದೆ.

ಆ ನಂತರ ಅವರು ತಿಕೋಟಾಕ್ಕೆ ಹೋಗುವುದನ್ನು ಕಡಿಮೆ ಮಾಡಿದರು. ಮಗಳು ದಿನವೂ ಲ್ಯಾಬಿಗೆ ಬರುತ್ತಿದ್ದಳು, ಎರಡು ಬಸ್ಸುಗಳ ನಡುವೆ ಅಪ್ಪನ ಮನೆಗೆ ಬಂದು ಚಹಾ ಕುಡಿದು ಹೋಗುತ್ತಿದ್ದಳು, ಚೆನ್ನಾಗಿಯೇ ಮಾತಾಡುತ್ತಿದ್ದಳು. ಆದರೂ ಅವಳ ಎದುರು ಸರ್ ಯುರೋಪಿನ ಹೆಸರೆತ್ತಲಿಲ್ಲ. ನಿವೃತ್ತಿಯ ದಿನ ಮಾತಾಡಿರಿ ಎಂದರೆ ಎದ್ದು ನಿಂತು, ಎಲ್ಲರಿಗೂ ಕೈಮುಗಿದು ಕುಳಿತುಬಿಟ್ಟರು. ಕಾಲೇಜಿನವರಿಗೆ ಅದು ಆಶ್ಚರ್ಯ, ನನಗೆ ಸಂಕಟ. ಹೃದಯದ ತೊಂದರೆ ಎಂದು ಡಾಕ್ಟರು ಬರೆದುಕೊಟ್ಟದ್ದು ಆಮೇಲೆ.

ಸರ್ ಅವರನ್ನು ಹುಟ್ಟೂರು ಬಿಜ್ಜರಗಿಯ ಸ್ವಂತ ಹೊಲದಲ್ಲಿ ಮಣ್ಣು ಮಾಡಿದರು. ನಾನೂ ಮೂರು ಹಿಡಿ ಮಣ್ಣು ಹಾಕಿ ಬಂದು, ಬದುವಿನ ಬೇವಿನ ಮರದ ಕೆಳಗೆ ನಿಂತೆ. ತಿಕೋಟಾದ ಬೀಗರು ನನ್ನ ಪಕ್ಕಕ್ಕೆ ಬಂದು ನಿಂತರು. ಅಷ್ಟು ದೊಡ್ಡ ಮನುಷ್ಯ ಅತ್ತು ಅತ್ತು ಕಣ್ಣು ಕೆಂಪು ಮಾಡಿಕೊಂಡಿದ್ದರು. ಆ ಭಾನುವಾರದ ಮಾತನ್ನು ಅವರೇ ತೆಗೆದರು.

"ಸಾಹೇಬ್ರ, ಅವತ್ತ ಅವರು ಹೇಳಿದ್ದು ನಮ್ಮ ಮನೀದ ಅಂತ ನನಗ ಗೊತ್ತಿತ್ರಿ. ಚಹಾ ಕುಡಿಯೂದ್ರಾಗ ಗೊತ್ತಾಗಿತ್ತು. ಅಮೇರಿಕಾದ್ದು ಹೇಳುವಾಗ ಯಾರ ದನಿ ನಡಗತೈತ್ರಿ?"

"ಗೊತ್ತಿದ್ದೂ ಯಾಕ ಕೇಳಿದ್ರಿ ಮತ್ತ?"

"ಮಂದಿ ಮುಂದ ಕೇಳಬೇಕಾತು. ಅವರು ನಮ್ಮ ಮನೀದ ಅಂದಿದ್ರ, ನಾ ಆಕಿನ್ನ ಬ್ಯಾಡ ಅನ್ನಬೇಕಾಗ್ತಿತ್ತು. ಅಷ್ಟು ಮಂದಿ ಮುಂದ ನನ್ನ ಮರ್ಯಾದಿ ಉಳಿಸಿದ್ರು. ಆಕಿ ಕೆಲಸಾನೂ ಉಳೀತು. ಶಾಣ್ಯಾ ಮನಿಷ್ಯಾ ರೀ."

ಆ ಒಂದು ಮಾತಿಗಾಗಿ ಸರ್ ಕೊನೆಯ ದಿನಗಳಲ್ಲಿ ಒಳಗೊಳಗೇ ಬೆಂದಿದ್ದರು, ಮಗಳ ಮುಖ ನೋಡಲು ನಾಚಿದ್ದರು. ನಾನು ಸಾವಿನ ಜಾಗ ಎಂಬುದನ್ನೂ ಮರೆತು ದನಿ ಏರಿಸಿದೆ.

"ಇದನ್ನ ಅವರಿಗೆ ಒಮ್ಮ್ಯಾದ್ರೂ ಹೇಳಬೇಕಿತ್ತಲ್ರಿ!"

ಬೀಗರು ಹೊಸ ಮಣ್ಣಿನ ಕಡೆ ನೋಡಿದರು.

"ಹೆಂಗ ಹೇಳ್ಲ್ರಿ ಸಾಹೇಬ್ರ," ಎಂದರು, "ಬೀಗರಲ್ಲ್ರಿ ಅವರು?"